ಒಂದೇ ಕೈಗೆ ಒಪ್ಪುವ ಕುದುರೆ

ಆಂಟಿಯ ಎಡಗೈಯ ಬಳೆಗಳು ಸದ್ದು ಮಾಡುತ್ತಿರಲಿಲ್ಲ. ಎರಡೂ ಕೈಗೆ ಒಂದೇ ಥರದ ಬಳೆ. ಬಲಗೈ ಆಡಿದರೆ ಗಲಗಲ ಅನ್ನುತ್ತಿದ್ದವು, ಎಡಗೈಯವು ಮಣಿಕಟ್ಟಿನ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ಬೆಳಿಗ್ಗೆ ಎದ್ದು ಸ್ವೆಟರ್ ಹಾಕಿಕೊಂಡ ಮೇಲೆ ಆಂಟಿ ಬಲಗೈಯಿಂದ ಎಡಗೈಯನ್ನು ಎತ್ತಿ, ಕನ್ನಡಕವನ್ನು ಡಬ್ಬಿಯಲ್ಲಿಡುವ ಹಾಗೆ, ಸ್ವೆಟರಿನ ಜೇಬಿನೊಳಗೆ ಇಡುತ್ತಿದ್ದರು. ಮಲಗುವ ತನಕ ಅದು ಅಲ್ಲೇ. ಮೊದಲ ಸಲ ನೋಡಿದವರಿಗೆ, ಈ ಹೆಂಗಸಿಗೆ ಏನು ಗತ್ತಪ್ಪಾ, ಜೇಬಿನಲ್ಲಿ ಕೈ ಇಟ್ಟುಕೊಂಡೇ ಮಾತಾಡುತ್ತಾಳಲ್ಲ ಅನ್ನಿಸಬೇಕು. ನನಗೂ ಹಾಗೇ ಅನ್ನಿಸಿತ್ತು.

ಎರಡು ಸಾವಿರದ ಹದಿಮೂರರಲ್ಲಿ ನನ್ನ ಗಂಡನ ಟೆಲಿಕಾಂ ಕಂಪನಿ ಅವರನ್ನು ಬೆಂಗಳೂರಿನಿಂದ ನೈರೋಬಿಗೆ ಕಳಿಸಿತು. ನಾನೂ ಒಂಬತ್ತು ವರ್ಷದ ಮಗಳೂ ಹಿಂದೆಯೇ ಹೋದೆವು. ಲ್ಯಾವಿಂಗ್ಟನ್ನಿನಲ್ಲಿ ಮನೆ. ಗೋಡೆಯ ಮೇಲೆ ಕರೆಂಟಿನ ತಂತಿ, ಗೇಟಿನಲ್ಲಿ ಕಾವಲಿನವನು, ಒಳಗೆ ಯಾರೂ ಕೂರದ ಹುಲ್ಲುಹಾಸು. ಗಂಡ ಸೋಮವಾರ ಕಂಪಾಲಾಕ್ಕೆ ಹೋದರೆ ಶುಕ್ರವಾರವೇ ಬರುವುದು. ಮಗಳು ಶಾಲೆಗೆ. ಕಾವಲಿನವನು ಬೆಳಿಗ್ಗೆ "ಸವಾ, ಮಾಮಾ?" ಅನ್ನುತ್ತಿದ್ದ, ಚೆನ್ನಾಗಿದ್ದೀರಾ ಅಮ್ಮಾ ಅಂತ. ನಾನು "ಸವಾ" ಅನ್ನುತ್ತಿದ್ದೆ. ಎಷ್ಟೋ ದಿನ ಸಂಜೆಯವರೆಗೆ ನಾನು ಬಾಯಿಬಿಟ್ಟು ಆಡಿದ ಮಾತು ಅದೊಂದೇ. ಬೆಂಗಳೂರಿನಲ್ಲಿ ನನ್ನ ಬಾಯಿಗೆ ಬೀಗ ಹಾಕುವವರಿಲ್ಲ ಅಂತ ಅತ್ತೆ ಅನ್ನುತ್ತಿದ್ದರು. ಅವರು ಬಂದು ಆ ಮನೆಯಲ್ಲಿ ನನ್ನನ್ನು ನೋಡಬೇಕಿತ್ತು. ಫ್ರಿಜ್ಜಿನ ಸದ್ದಿಗೆ ಉತ್ತರ ಕೊಡುವಷ್ಟು ತಲೆಕೆಟ್ಟಿತ್ತು ನನಗೆ.

ಮಗಳಿಗೆ ಲೆಕ್ಕ ಬರುತ್ತಿರಲಿಲ್ಲ. ಪಂಗಾನಿಯಲ್ಲಿದ್ದ ಒಬ್ಬ ಕನ್ನಡದ ಗೆಳತಿ, "ಲಂಗಾಟಾದಲ್ಲಿ ಒಬ್ರು ಮೈಸೂರು ಆಂಟಿ ಇದಾರೆ, ಮ್ಯಾಥ್ಸ್ ಟ್ಯೂಷನ್ ಹೇಳ್ಕೊಡ್ತಾರೆ, ಸ್ವಲ್ಪ ಬಾಯಿ ಜೋರು" ಅಂದಳು. ಹೋದೆ. ದೊಡ್ಡ ಕಾಂಪೌಂಡೊಂದರ ಹಿಂಬದಿಯಲ್ಲಿ ಎರಡು ಕೋಣೆಯ ಪುಟ್ಟ ಮನೆ. ಒಳಗೆ ಕಾಲಿಟ್ಟರೆ ಕಣ್ಣು ಬಾಯಿ ಬಿಡುವಂತಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಮಿಕ್ಸಿಗಳು. ಅವುಗಳ ಹಿಂದೆ ಇಡ್ಲಿ ಕುಕ್ಕರುಗಳು, ದೋಸೆ ಕಾವಲಿಗಳು, ಚಕ್ಕುಲಿ ಒರಳುಗಳು. ಹೊರಗೆ ಹಿತ್ತಿಲಲ್ಲಿ ಕುಂಡದ ತುಂಬ ಕರಿಬೇವು, ಒಂದಲ್ಲ, ಒಂದು ತೋಪು.

"ಏನ್ ನೋಡ್ತಿದೀಯ? ಅಂಗಡಿ ಇಟ್ಟಿಲ್ಲ ನಾನು," ಅಂದರು ಆಂಟಿ. "ಪೋಸ್ಟಿಂಗ್ ಮುಗಿದು ವಾಪಸ್ ಹೋಗೋರೆಲ್ಲ ತಂದು ಇಲ್ಲಿಡ್ತಾರೆ. 'ಆಂಟೀ, ನಿಮಗೆ ಉಪಯೋಗಕ್ಕೆ ಬರತ್ತೆ' ಅಂತ. ಒಬ್ಬಳಿಗೆ ಎಷ್ಟ್ ಮಿಕ್ಸಿ ಬೇಕೇ? ಬೇಡ ಅಂದ್ರೆ ಅಳ್ತಾರೆ. ಅದಕ್ಕೇ ಇಟ್ಕೋತೀನಿ."

ಆಮೇಲೆ ಅವರು ಒಂದೊಂದನ್ನೂ ಮುಟ್ಟಿ ಹೇಳುತ್ತಾ ಹೋದರು. ಇದು ಬ್ಯಾಂಕಿನವರದು, ಇದು ಔಷಧಿ ಫ್ಯಾಕ್ಟರಿಯವರದು, ಇದು ಅವಳಿ ಮಕ್ಕಳಿದ್ದವರದು. ಹೆಸರು ಹೇಳುತ್ತಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ನಿಮ್ಮದೆಷ್ಟು ವರ್ಷದ ಪೋಸ್ಟಿಂಗು?" ಅಂದರು. ಮೂರು ಅಂದೆ. "ಹೂಂ" ಅಂದರು ಅಷ್ಟೇ.

ಅವರ ಕಥೆ ನನಗೆ ಚೂರುಚೂರಾಗಿ ಸಿಕ್ಕಿತು. ಗಂಡ ಇಲ್ಲಿಯ ಒಂದು ಗುಜರಾತಿ ಮಾಲೀಕರ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆಗಿದ್ದವರು. ನಾವು ಹೋಗುವುದಕ್ಕೆ ಕೆಲವು ವರ್ಷ ಮುಂಚೆ ಮೊಂಬಾಸಾ ರಸ್ತೆಯಲ್ಲಿ ಲಾರಿಯೊಂದು ಅವರ ಕಾರಿಗೆ ಗುದ್ದಿತು. ಗಂಡ ಅಲ್ಲೇ ಹೋದರು. ಇವರಿಗೆ ಎಡಭುಜದ ನರ ಕಿತ್ತುಹೋಗಿ ಕೈ ಸತ್ತಿತು. ಮಕ್ಕಳಿರಲಿಲ್ಲ. ಮೈಸೂರಿನಲ್ಲಿ ತಮ್ಮ ಇದ್ದ, ಬಂದುಬಿಡು ಅಂತ ಕರೆದ. ಹೋಗಿ ಎರಡು ತಿಂಗಳಿದ್ದು ಆಂಟಿ ವಾಪಸ್ ಬಂದುಬಿಟ್ಟರು.

"ಅಲ್ಲಿ ನಾನು ಗಂಡ ಹೋದೋಳು, ಕೈ ಹೋದೋಳು," ಅಂದರು ಒಂದು ದಿನ, ಹುರುಳಿಕಾಯಿಯ ನಾರು ಹಲ್ಲಿನಿಂದ ತೆಗೆಯುತ್ತಾ. "ಬಂದೋರೆಲ್ಲ ನನ್ ಜೇಬನ್ನೇ ನೋಡೋರು. ತಮ್ಮನ ಹೆಂಡತಿ ಒಳ್ಳೇವಳೇ ಪಾಪ, ಅನ್ನ ಕಲಸಿಕೊಡೋಕೆ ಬರೋಳು. ನಾನೇನ್ ಮಗೂನಾ? ಇಲ್ಲಿ ನಾನು ಮ್ಯಾಥ್ಸ್ ಟೀಚರ್. ಅಷ್ಟೇ ಸಾಕು."

ಸಾಕು ಅನ್ನುತ್ತಿದ್ದರು, ಆದರೆ ಸಾಲುತ್ತಿರಲಿಲ್ಲ. ಮಕ್ಕಳು ಟ್ಯೂಷನ್ ಮುಗಿಸಿ ಎದ್ದರೆ, "ಇನ್ನೊಂದು ಲೆಕ್ಕ ಮಾಡ್ಕೊಂಡ್ ಹೋಗ್ರೋ" ಅಂತ ತಡೆಯುತ್ತಿದ್ದರು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ನೋ ಆಂಟಿ, ಡ್ರೈವರ್ ಈಸ್ ವೇಟಿಂಗ್" ಅಂತ ಓಡುತ್ತಿದ್ದವು. ನಾನು ಮಗಳನ್ನು ಕರೆದೊಯ್ಯಲು ಹೋದವಳು ಕಾಫಿಗೆ ಕೂರುತ್ತಿದ್ದೆ. ಕಾಫಿ ಊಟವಾಗುತ್ತಿತ್ತು. ಇಬ್ಬರು ಒಂಟಿ ಹೆಂಗಸರು ಸಿಕ್ಕರೆ ಹೀಗೇ, ಏಳುವುದಕ್ಕೆ ಯಾರಿಗೂ ಮನಸ್ಸಿರುವುದಿಲ್ಲ.

ಹಾಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಆಂಟಿ, "ನಂಗೊಂದು ಕುದುರೆ ತಗೋಬೇಕು ಕಣೇ. ನೀನು ಕಾರ್ ಓಡಿಸ್ತೀಯಲ್ಲ, ಬರ್ತೀಯಾ ನೋಡೋಕೆ?" ಅಂದರು. ಮಾರ್ಕೆಟ್ಟಿಗೆ ಬರ್ತೀಯಾ, ಸೊಪ್ಪು ತರಬೇಕು ಅನ್ನುವ ದನಿ.

ನಾನು ನಕ್ಕುಬಿಟ್ಟೆ. ಐವತ್ತೇಳು ವರ್ಷ, ಒಂದು ಕೈ ಇಲ್ಲ, ಕುದುರೆಯಂತೆ! ಆಂಟಿ ನಗಲಿಲ್ಲ. ಅವರ ತಂದೆ ಮೈಸೂರಿನ ಕುದುರೆ ಪೊಲೀಸಿನಲ್ಲಿದ್ದವರು. ನಡೆಯುವುದಕ್ಕೆ ಮುಂಚೆ ಕುದುರೆಯ ಮೇಲೆ ಕೂರಿಸಿದ್ದರಂತೆ. ನೈರೋಬಿಗೆ ಬಂದ ಮೇಲೂ, ಅಪಘಾತದ ತನಕ, ಪ್ರತಿ ಭಾನುವಾರ ಲಂಗಾಟಾದ ಲಾಯಗಳಲ್ಲಿ ಬಾಡಿಗೆ ಕುದುರೆ ಹತ್ತುತ್ತಿದ್ದರು. ಗಂಡ ಬೇಲಿಯ ಹೊರಗೆ ಪೇಪರ್ ಓದುತ್ತಾ ಕೂರುತ್ತಿದ್ದರಂತೆ. ಗಂಡ ಸತ್ತಾಗ ಕಂಪನಿ ಕೊಟ್ಟ ದುಡ್ಡನ್ನು ಆಂಟಿ ಮುಟ್ಟಿರಲಿಲ್ಲ. "ಸಾಯೋವರೆಗೂ ಬ್ಯಾಂಕಲ್ಲಿ ಇಟ್ಟು ಯಾರಿಗೆ ಕೊಡ್ಲಿ?" ಅಂದರು.

ಅವರಿಗೆ ಬೇಕಾದದ್ದು ಯಾವುದೋ ಒಂದು ಕುದುರೆಯಲ್ಲ, ರೈನಿಂಗ್ ಕುದುರೆ. ಹಾಗಂದರೆ ಏನೆಂದು ನನಗೆ ಊಟದ ಮೇಜಿನ ಮೇಲೆ ಸೌಟು ಹಿಡಿದು ತೋರಿಸಿದರು. ಮಾಮೂಲಿ ಕುದುರೆಗೆ ಎರಡು ಕೈಯಲ್ಲಿ ಲಗಾಮು ಹಿಡಿಯಬೇಕು, ಎಡಕ್ಕೆ ಹೋಗಲು ಎಡಗಡೆಯದನ್ನು ಎಳೆಯಬೇಕು. ದನ ಕಾಯುವ ದೊಡ್ಡ ರಾಂಚುಗಳಲ್ಲಿ ಪಳಗಿಸಿದ ಕುದುರೆಗೆ ಒಂದೇ ಕೈ ಸಾಕು. ಲಗಾಮು ಕುತ್ತಿಗೆಗೆ ಸೋಕಿದರೆ ತಿರುಗುತ್ತದೆ, ಸವಾರ ಸ್ವಲ್ಪ ಹಿಂದಕ್ಕೆ ಕೂತು 'ಹೋ' ಅಂದರೆ ನಿಲ್ಲುತ್ತದೆ, ಲಗಾಮು ಬಿಟ್ಟರೂ ಬಿಟ್ಟ ಜಾಗದಲ್ಲೇ ನಿಂತಿರುತ್ತದೆ. "ನಂಗೆ ಓಡೋ ಕುದುರೆ ಬೇಡ, ನಿಲ್ಲೋ ಕುದುರೆ ಬೇಕು," ಅಂದರು ಆಂಟಿ.

ಕೀನ್ಯಾದಲ್ಲಿ ಅಂಥ ಕುದುರೆ ಹುಡುಕುವುದೆಂದರೇನು! ಅಲ್ಲಿ ಸಿಗುವುವೆಲ್ಲ ರೇಸಿನಿಂದ ನಿವೃತ್ತಿಯಾದವು, ಇಲ್ಲವೇ ಪೋಲೋ ಆಡಿದವು. ಆದರೆ ಮಾರುವವರಿಗೆ ಇಲ್ಲ ಅನ್ನಲು ಬರುವುದಿಲ್ಲ. ರೇಸ್‌ಕೋರ್ಸಿನ ಹತ್ತಿರ ಒಬ್ಬ ತರಬೇತುಗಾರ, "ಒನ್ ಹ್ಯಾಂಡ್? ನೋ ಹ್ಯಾಂಡ್ ಕೂಡ ಓಕೆ ಮಾಮಾ" ಅಂತ ಎದೆ ತಟ್ಟಿಕೊಂಡ. ಅವನ ಕುದುರೆಯಾಳೇ ಹತ್ತಿ ಒಂದು ಕೈ ಬಿಟ್ಟು ತೋರಿಸಿದ. ಕುದುರೆ ನೇರವಾಗಿ ಗೇಟು ದಾಟಿ ರಸ್ತೆಗೆ ಹೋಯಿತು, ಒಂದು ಮಟಾಟು ಬಸ್ಸು ಅಡ್ಡ ನಿಂತದ್ದಕ್ಕೆ ನಿಂತಿತು. ಆಂಟಿ ಜೇಬಿನಲ್ಲಿ ಕೈಯಿಟ್ಟುಕೊಂಡು, "ಥ್ಯಾಂಕ್ಯೂ, ತುಂಬಾ ಚೆನ್ನಾಗಿದೆ, ಆದರೆ ಮಟಾಟುನೂ ಸೇರಿಸಿ ಕೊಡ್ತೀಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

ಅಂದಹಾಗೆ, ಕುದುರೆ ನೋಡಿಕೊಳ್ಳುವವನನ್ನು ಮೈಸೂರಿನ ಹಾಗೆ ನೈರೋಬಿಯಲ್ಲೂ ಸೈಸ್ ಎಂದೇ ಅನ್ನುತ್ತಾರೆ. ಅಪ್ಪನ ಲಾಯದ ಪದ ಇಲ್ಲಿ ಆಫ್ರಿಕಾದ ಬಾಯಲ್ಲಿ ಕೇಳಿದಾಗಲೆಲ್ಲ ಆಂಟಿಯ ಮುಖ ಅರಳುತ್ತಿತ್ತು.

ಇನ್ನೊಂದು ಮನೆಯವರು ಊರು ಬಿಟ್ಟು ಹೋಗುತ್ತಿದ್ದ ಬಿಳಿಯರು. ತುಂಬ ಸಾಧು ಕುದುರೆ, ಹತ್ತು ಗಂಟೆಗೆ ಬನ್ನಿ ಅಂದಿದ್ದರು. ಆಂಟಿ ನನ್ನನ್ನು ಎಂಟಕ್ಕೇ ಎಳೆದುಕೊಂಡು ಹೋದರು. ಕುದುರೆ ಆಗಲೇ ಜೀನು ಹೊತ್ತು ತಲೆ ಬಗ್ಗಿಸಿ ನಿಂತಿತ್ತು. ಆಂಟಿ ಜೀನಿನ ಕೆಳಗೆ ಅಂಗೈ ತೂರಿಸಿ ಹೊರಗೆ ತೆಗೆದು ನನಗೆ ತೋರಿಸಿದರು. ಒದ್ದೆ. ನಾವು ಬರುವ ಮೊದಲೇ ಅದನ್ನು ಬೆಳಗಿನಿಂದ ಓಡಿಸಿ ಸುಸ್ತು ಮಾಡಿಸಿದ್ದರು. "ಸಾಧು ಅಲ್ಲ, ಸಾಕಾಗಿದೆ ಪಾಪ," ಅಂತ ಅದರ ಹಣೆ ಸವರಿ ಬಂದರು. ಪೋಲೋ ಆಡುವ ಒಬ್ಬಾತನ ಕುದುರೆ ಒಂದು ಕೈಗೇನೋ ತಿರುಗಿತು, ಆದರೆ ನಿಲ್ಲಲು ಒಪ್ಪದೆ ಕುಣಿಯುತ್ತಲೇ ಇತ್ತು. ಹೀಗೆ ಆರು ತಿಂಗಳು. ನನ್ನ ಗಂಡ, "ಇನ್ನೂ ಸಿಕ್ಕಿಲ್ವಾ ನಿಮ್ಮ ಆಂಟಿಗೆ ವರ?" ಅಂತ ರೇಗಿಸುತ್ತಿದ್ದರು.

ನನಗೆ ಮಾತ್ರ ಆ ಆರು ತಿಂಗಳು ಮುಗಿಯುವುದೇ ಬೇಡವಾಗಿತ್ತು. ಕಾರಿನಲ್ಲಿ ಹುಳಿಯನ್ನದ ಡಬ್ಬಿ, ಪಕ್ಕದಲ್ಲಿ ಆಂಟಿಯ ಬೈಗುಳ. "ಗೇರ್ ಹಾಕೇ, ಗಾಡಿ ಅಳ್ತಿದೆ!" ನೈರೋಬಿಯ ರೌಂಡಬೌಟುಗಳಲ್ಲಿ ನುಗ್ಗುವುದನ್ನು ಹೇಳಿಕೊಟ್ಟವರು ಅವರೇ. ಯಾರಾದರೂ ಹಾರ್ನ್ ಹೊಡೆದರೆ, "ಹೊಡ್ಕೊಳ್ಲಿ, ಅವನ್ ಕೈ, ಅವನ್ ಹಾರ್ನು" ಅನ್ನುತ್ತಿದ್ದರು. ಆಂಟಿ ಇಲ್ಲದಿದ್ದರೆ ಆ ಮನೆಯೊಳಗೆ ನಾನು ಹುಚ್ಚಿಯಾಗುತ್ತಿದ್ದೆ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ಕೊನೆಗೆ ಸುಳಿವು ಕೊಟ್ಟವನು ಲಂಗಾಟಾದ ಒಬ್ಬ ಸೈಸ್. ರೊಂಗಾಯಿ ದಾಟಿ ಹೋದರೆ ಒಬ್ಬ ಮುದುಕನಿದ್ದಾನೆ, ಲೈಕಿಪಿಯಾದ ರಾಂಚಿನಲ್ಲಿ ಅಮೆರಿಕದ ಯಜಮಾನನ ಹತ್ತಿರ ಬಹಳ ವರ್ಷ ದನ ಕಾದವನು, ಬಿಟ್ಟು ಬರುವಾಗ ಒಂದು ಕುದುರೆ ತಂದಿದ್ದಾನೆ, ಈಗ ಮಂಡಿ ನೋವು, ಮಾರುತ್ತಾನಂತೆ ಅಂದ. ಹೋದೆವು. ಅಲ್ಲಿ ಎಲ್ಲರೂ ಆ ಮುದುಕನನ್ನು ಮ್ಜೇ ಅನ್ನುತ್ತಿದ್ದರು, ನಮ್ಮ ಅಜ್ಜಾ ಅನ್ನುವ ಹಾಗೆ. ನಾವೂ ಹಾಗೇ ಕರೆದೆವು. ಸರಿಯಾದ ಮಾತುಗಾರ ಆಸಾಮಿ. ಕುದುರೆ ತೋರಿಸುವ ಮೊದಲು ಚಹಾ, ಚಹಾದ ಜೊತೆ ತನ್ನ ಮೂವರು ಹೆಂಡಿರ ಪುರಾಣ. ಕುದುರೆಗೆ ಒಂಬತ್ತು ವರ್ಷ ಅಂದ. ಆಂಟಿ ಅದರ ತುಟಿ ಎತ್ತಿ ಹಲ್ಲು ನೋಡಿ, "ಮ್ಜೇ, ಈ ಹಲ್ಲು ಒಂಬತ್ತು ವರ್ಷದ ಹಿಂದೆಯೇ ಒಂಬತ್ತು ದಾಟಿದೆ" ಅಂದರು. ಮುದುಕ ಹೊಟ್ಟೆ ಹಿಡಿದು ನಕ್ಕ. ಅಲ್ಲಿಂದ ಇಬ್ಬರಿಗೂ ಸರಿಹೋಯಿತು.

ಕುದುರೆ ಗಿಡ್ಡ. ಬಿಳಿಯ ಮೈಮೇಲೆಲ್ಲ ಯಾರೋ ಎಳ್ಳು ಚೆಲ್ಲಿದ ಹಾಗೆ ಸಣ್ಣ ಚುಕ್ಕೆಗಳು. ಅದರ ಹೆಸರೂ ಸಿಮ್‌ಸಿಮ್, ಸ್ವಾಹಿಲಿಯಲ್ಲಿ ಎಳ್ಳು. ಮುದುಕ ಅದನ್ನು ಕಟ್ಟೆಯೊಂದರ ಪಕ್ಕಕ್ಕೆ ತಂದು ನಿಲ್ಲಿಸಿದ. ಆಂಟಿ ಎಡಗೈಯನ್ನು ಜೇಬಿನಲ್ಲಿ ಭದ್ರ ಮಾಡಿ, ಹೆಲ್ಮೆಟ್ಟಿನ ಪಟ್ಟಿ ನನ್ನ ಕೈಲಿ ಬಿಗಿಸಿ, ನನ್ನ ಹೆಗಲ ಮೇಲೆ ಭಾರ ಹಾಕಿ ಹತ್ತಿದರು. ಬಿದ್ದರೆ ಯಾವ ಆಸ್ಪತ್ರೆ, ಯಾರಿಗೆ ಫೋನು ಅಂತ ಯೋಚಿಸುತ್ತಾ ನಿಂತಿದ್ದೆ.

ಅವರು ಬೀಳಲಿಲ್ಲ. ಮೊದಲು ನಡಿಗೆ. ಆಮೇಲೆ ಬಲಗೈ ಇಷ್ಟೇ ಇಷ್ಟು ಪಕ್ಕಕ್ಕೆ ಹೋಯಿತು, ಲಗಾಮು ಕುತ್ತಿಗೆಗೆ ಸೋಕಿತು, ಸಿಮ್‌ಸಿಮ್ ಸುತ್ತಿ ತಿರುಗಿತು. ಇನ್ನೊಂದು ಸಲ, ಈ ಕಡೆಗೆ. ಆಮೇಲೆ ಓಟ. ಆ ಬಯಲಿನ ತುದಿಯಲ್ಲಿ ಆಂಟಿ ಹಿಂದಕ್ಕೆ ಕೂತು "ಹೋ" ಅಂದರು. ಕುದುರೆ ಹಿಂಗಾಲು ಮಡಿಸಿ ಧೂಳಿನಲ್ಲಿ ಜಾರಿ ನಿಂತಿತು. ಧೂಳೆಲ್ಲ ಇಳಿದ ಮೇಲೆ ನೋಡಿದರೆ ಆಂಟಿ ನಗುತ್ತಿದ್ದರು. ಅವರ ಆ ನಗುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರಿಗೆ ಅಷ್ಟೊಂದು ಹಲ್ಲಿದೆ ಅಂತಲೇ ಗೊತ್ತಿರಲಿಲ್ಲ ನನಗೆ.

ಇಳಿದರು. ಕುದುರೆಯ ಮುಖ ಸವರುತ್ತಾ ಮಾತಾಡಿಸುತ್ತಿದ್ದವರು ಥಟ್ಟನೆ ನಿಂತರು. ಬೆರಳು ಅದರ ಎಡಗಣ್ಣಿನ ಕೆಳಗೆ ನಿಂತಿತ್ತು. ಅಲ್ಲಿ ಕೂದಲು ಒಂದು ಸಣ್ಣ ಸುಳಿಯಾಗಿ ಸುತ್ತಿಕೊಂಡಿತ್ತು. ಆಂಟಿ ಕೈ ತೆಗೆದರು.

"ಬೇಡ. ನಡಿ ಹೋಗೋಣ."

ಮುದುಕ ಬಾಯಿಬಿಟ್ಟು ನಿಂತ. ನಾನೂ. ಕಾರು ರೊಂಗಾಯಿ ದಾಟಿದ ಮೇಲೆ ತಡೆಯಲಾರದೆ ಸಿಡಿದೆ. "ಆರು ತಿಂಗಳಿಂದ ಊರೆಲ್ಲ ಅಲೆದು ಇದೊಂದು ಸಿಕ್ಕಿದೆ. ಏನಾಯ್ತು ಆಂಟಿ ನಿಮಗೆ?"

"ಕಣ್ಣೀರು ಸುಳಿ ಕಣೇ ಅದು. ಕಣ್ಣಿನ ಕೆಳಗೆ ಸುಳಿ ಇರೋ ಕುದುರೆ ಮನೆಗೆ ತಂದ್ರೆ ಮನೇಲಿ ಅಳು ಬೀಳತ್ತೆ. ಅಪ್ಪ ಎಂಥೆಂಥಾ ಕುದುರೇನ ಇದಕ್ಕೇ ವಾಪಸ್ ಕಳ್ಸಿದಾರೆ. ಪಕ್ಕದ್ಮನೆಯವರು ಅಪ್ಪನ ಮಾತು ಕೇಳ್ದೆ ಅಂಥದ್ದೊಂದು ತಂದ್ರು. ವರ್ಷ ತುಂಬೋದ್ರೊಳಗೆ ಅವರ ಮನೆ ಅಂಗಳದಲ್ಲಿ ಹೆಂಗಸ್ರು ಎದೆ ಬಡ್ಕೊಂಡಿದ್ದು ನಾನೇ ಕಣ್ಣಾರೆ ನೋಡಿದೀನಿ."

"ಮ್ಯಾಥ್ಸ್ ಟೀಚರ್ ಆಗಿ ಸುಳಿ ನಂಬ್ತೀರಾ?"

"ನಂಬಲ್ಲ," ಅಂದರು ಆಂಟಿ ಕಿಟಕಿಯಿಂದ ಹೊರಗೆ ನೋಡುತ್ತಾ. "ಭಯ ಇದೆ. ಎರಡೂ ಬೇರೆ."

ಆಮೇಲೆ ಕುದುರೆಯ ಮಾತೇ ಎತ್ತಲಿಲ್ಲ. ನಾನು ಎತ್ತಿದರೆ ಲೆಕ್ಕದ ಪುಸ್ತಕ ತೆಗೆಯುತ್ತಿದ್ದರು. ಮುಖ ಇಳಿದುಹೋಗಿತ್ತು. ಟ್ಯೂಷನ್ನಿನ ಮಕ್ಕಳನ್ನು ತಡೆಯುವುದನ್ನೂ ಬಿಟ್ಟರು, ಅದು ನನಗೆ ಹೆಚ್ಚು ಹೆದರಿಕೆ ತಂದಿತು. ಅಷ್ಟರಲ್ಲಿ ಪಂಗಾನಿಯ ನನ್ನ ಗೆಳತಿಯ ಗಂಡನಿಗೆ ಬೆಂಗಳೂರಿಗೆ ವರ್ಗವಾಯಿತು. ಅವಳು ಹೊರಡುವ ಮುನ್ನ ಮಿಕ್ಸಿಯನ್ನೂ ಕರಿಬೇವಿನ ಕುಂಡವನ್ನೂ ತಂದು ಆಂಟಿಯ ಮನೆಯಲ್ಲಿಟ್ಟು ಅತ್ತಳು. ಆಂಟಿ ಅವಳ ಬೆನ್ನು ಸವರಿದರು. ಅವಳು ಹೋದ ಮೇಲೆ ಮಿಕ್ಸಿಯನ್ನು ಎತ್ತಿ ಸಾಲಿನ ಕೊನೆಗೆ ಇಟ್ಟರು. ಜಾಗ ಸಾಲಲಿಲ್ಲ, ಉಳಿದವನ್ನೆಲ್ಲ ಒಂದು ಕೈಯಲ್ಲಿ ಒತ್ತೊತ್ತಿ ಸರಿಸಿದರು. ನಾನು ಹಿಡಿಯಲು ಹೋದರೆ ಬೇಡ ಅಂದರು.

ಮಾರನೆಯ ಬೆಳಿಗ್ಗೆಯೇ ಫೋನು. "ಗಾಡಿ ತಗೊಂಡ್ ಬಾ. ಮ್ಜೇ ಹತ್ರ ಹೋಗೋಣ."

ದಾರಿಯಲ್ಲಿ ಅವರೇ ಶುರು ಮಾಡಿದರು, ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ಅದೇ ಗಟ್ಟಿ ದನಿಯಲ್ಲಿ. "ರಾತ್ರಿ ಯೋಚನೆ ಮಾಡ್ದೆ. ಸುಳಿ ಏನ್ ಹೇಳತ್ತೆ? ತಗೊಂಡೋರು ಸಾಯ್ತಾರೆ, ಮನೆಯೋರು ಅಳ್ತಾರೆ. ಸಾಯೋದು ಬಿಡು, ಅದು ಸುಳಿ ಇಲ್ದಿದ್ರೂ ಇದೆ. ಭಯ ಇದ್ದಿದ್ದು ಅಳೋರದ್ದು. ಈಗ ನಮ್ಮನೇಲಿ ಅಳೋಕೆ ಯಾರಿದಾರೆ ಹೇಳು? ಯಾರೂ ಇಲ್ಲ. ಆ ಸುಳಿ ನಮ್ಮನೇಗೆ ಬಂದು ಮಾಡೋದೇನು? ಲೆಕ್ಕ ಸರಿಹೋಯ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾರನ್ನು ರಸ್ತೆಯ ಪಕ್ಕಕ್ಕೆ ಎಳೆದು ನಿಲ್ಲಿಸಿದೆ. "ಯಾಕೆ, ನಾನಿಲ್ವಾ? ನಾನು ಅಳಲ್ವಾ?"

ಆಂಟಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀನು ಪೋಸ್ಟಿಂಗ್ ಮೇಲೆ ಬಂದೋಳು ಕಂದಾ. ನಿನ್ನ ಲೆಕ್ಕಕ್ಕೆ ತಗೋಬಾರ್ದು. ಗಾಡಿ ತೆಗಿ."

ತೆಗೆದೆ. ಮೂರು ವರ್ಷ ಅಂತ ಮೊದಲ ದಿನವೇ ಬಾಯಾರೆ ಹೇಳಿದವಳು ನಾನೇ.

ಕುದುರೆ ಇನ್ನೂ ಅಲ್ಲೇ ಇತ್ತು. ಸಫಾರಿ ಕ್ಯಾಂಪಿನವನೊಬ್ಬ ಎರಡು ಸಲ ಕೇಳಿಕೊಂಡು ಬಂದಿದ್ದನಂತೆ. ಮುದುಕ ಅವನಿಗೆ ಕುದುರೆ ಕುಂಟುತ್ತದೆ ಅಂತ ಹೇಳಿ ಕಳಿಸಿದ್ದ. "ನೀವು ಬರ್ತೀರ ಅಂತ ಗೊತ್ತಿತ್ತು ಮಾಮಾ. ಅವತ್ತು ನೀವು ಹೋಗುವಾಗ ಒಂದು ಸಲವೂ ತಿರುಗಿ ನೋಡಲಿಲ್ಲ. ಬೇಡದವರು ತಿರುಗಿ ನೋಡ್ತಾರೆ," ಅಂದ. ಬೆಲೆ ಮಾತ್ರ ಒಂದು ಬಿಡಿಗಾಸೂ ಇಳಿಸಲಿಲ್ಲ, ಘಾಟಿ ಮುದುಕ. ಆಂಟಿ ಸಿಮ್‌ಸಿಮ್‌ನ ಹಣೆಗೆ ಕುಂಕುಮ ಇಟ್ಟರು. ಆ ಸುಳಿಯ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಒತ್ತಿದರು, ಇಸ್ತ್ರಿ ಮಾಡಿದ ಹಾಗೆ.

ಆಮೇಲಿನ ಎರಡು ವರ್ಷ ಆಂಟಿ ಬೇರೆ ಹೆಂಗಸೇ ಆದರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಲಾಯದಲ್ಲಿ ಕುದುರೆಗೆ ಜಾಗ ಸಿಕ್ಕಿತು. ದಿನಾ ಬೆಳಿಗ್ಗೆ ಸವಾರಿ. ಕುದುರೆಯ ಜೊತೆ ಅಚ್ಚ ಮೈಸೂರು ಕನ್ನಡ. "ನೋಡು, ಈ ಊರಲ್ಲಿ ನಾನು ಕನ್ನಡದಲ್ಲಿ ಮಾತಾಡಿದ್ರೆ ಇಂಗ್ಲಿಷಲ್ಲಿ ತಿರುಗಿ ಮಾತಾಡ್ದೇ ಇರೋನು ಇವನೊಬ್ಬನೇ," ಅಂತ ನನ್ನ ಮಗಳ ಎದುರಿಗೇ ಹಂಗಿಸುತ್ತಿದ್ದರು. ಮಗಳು, "ಬಟ್ ಆಂಟಿ, ಹೀ ಡಸಂಟ್ ಆನ್ಸರ್ ಅಟ್ ಆಲ್" ಅನ್ನುತ್ತಿದ್ದಳು. "ಅದೇ ಕಣೇ ಒಳ್ಳೇ ಗುಣ!" ನಾನು ಬೇಲಿಯ ಮೇಲೆ ಕೂತಿರುತ್ತಿದ್ದೆ. ಮೊದಮೊದಲು ಫೋನು ನೋಡುತ್ತಿದ್ದೆ, ಆಮೇಲೆ ಅದನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದೆ. ಸುಮ್ಮನೆ ಕೂರುವುದು ನನಗೆ ಬಂದದ್ದು ಆ ಬೇಲಿಯ ಮೇಲೆ. ಮನೆಗೆ ಹೋದರೂ ಆ ಸುಮ್ಮನಿರುವುದು ನನ್ನ ಜೊತೆ ಬರುತ್ತಿತ್ತು, ಫ್ರಿಜ್ಜಿನ ಸದ್ದು ಈಗ ಬರೀ ಸದ್ದಾಗಿತ್ತು.

ಒಂದೇ ಒಂದು ವಿಷಯದಲ್ಲಿ ಆಂಟಿ ಕಟ್ಟುನಿಟ್ಟು. ಕುದುರೆಯ ಮೇಲಿರುವಾಗ ಕೈಯಿಂದ ಲಗಾಮು ಬಿಡುತ್ತಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸರು, ಕನ್ನಡಕ ಜಾರಿದರೂ ಸರಿಮಾಡರು. ಎಂಥ ಕುದುರೆಯಾದರೂ ಪ್ರಾಣಿ, ಒಂದು ಪ್ಲಾಸ್ಟಿಕ್ ಚೀಲ ಹಾರಿದರೆ ಸಾಕು, ಆಗ ಹಿಡಿಯಲು ತನಗೆ ಇನ್ನೊಂದು ಕೈಯಿಲ್ಲ ಅನ್ನುತ್ತಿದ್ದರು. "ಬಿಟ್ರೆ ನಿಲ್ತಾನೆ ಅಂತ ಮ್ಜೇ ಹೇಳಿದಾನೆ. ಇರಬಹುದು. ನಾನ್ಯಾಕೆ ಪರೀಕ್ಷೆ ಮಾಡ್ಲಿ?"

ಎರಡು ಸಾವಿರದ ಹದಿನಾರರಲ್ಲಿ ನಮಗೆ ವರ್ಗವಾಯಿತು. ಆಂಟಿಗೆ ಹೇಗೆ ಹೇಳುವುದೆಂದು ನಾನು ದಿನ ತಳ್ಳುತ್ತಿದ್ದೆ. ಅವರೇ ಒಂದು ದಿನ ಕಾಫಿ ಸೋಸುತ್ತಾ, "ನಿನ್ ಮಗಳು ಹೇಳಿದ್ಲು," ಅಂದರು. ಲೋಟ ನನ್ನ ಮುಂದಿಟ್ಟು, "ಒಂದ್ ಮಾತು. ನಿನ್ನ ಮಿಕ್ಸಿ ಮಾತ್ರ ನಂಗೆ ತಂದ್ಕೊಡಬೇಡ" ಅಂದರು.

"ಕೊಡಲ್ಲ ಆಂಟಿ."

"ಏರ್‌ಪೋರ್ಟಿಗೂ ಬರಲ್ಲ ನಾನು. ಎಲ್ಲರನ್ನೂ ಕಳಿಸಿ ಕಳಿಸಿ ಸಾಕಾಗಿದೆ. ಯಾರ್ನೂ ಕಳಿಸಲ್ಲ ಅಂತ ತೀರ್ಮಾನ ಮಾಡಿದೀನಿ. ಹೋಗೋವಾಗ ಹೇಳೋಕೂ ಬರಬೇಡ. ಇವತ್ತೇ ಕೊನೇ ಕಾಫಿ ಅಂದ್ಕೋ."

ಅಷ್ಟು ಭಾರದ ಮಿಕ್ಸಿಯನ್ನು ನಾನು ಬೆಂಗಳೂರಿಗೆ ಹೊತ್ತು ತಂದೆ. ಗಂಡ ತಲೆ ತಲೆ ಚಚ್ಚಿಕೊಂಡರು.

ಬೆಂಗಳೂರಿಗೆ ಬಂದ ಮೇಲೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಎರಡು ವರ್ಷ ಹಾಗೇ ನಡೆಯಿತು. ಮೊದಲ ಐದು ನಿಮಿಷ ಸಿಮ್‌ಸಿಮ್ ಸಮಾಚಾರ, ಆಮೇಲೆ ನನ್ನ ಮಗಳ ಲೆಕ್ಕ, ಆಮೇಲೆ "ಇಡು, ದುಡ್ಡು ದಂಡ." ಒಂದು ಬೆಳಿಗ್ಗೆ ಲಾಯದ ಸೈಸನ ಫೋನು ಬಂತು. ಮಾಮಾ ಸವಾರಿಗೆ ಬರಲಿಲ್ಲವೆಂದು ಮನೆಗೆ ಹೋಗಿ ನೋಡಿದ್ದಾನೆ. ನಿದ್ದೆಯಲ್ಲೇ ಹೋಗಿದ್ದರು. ಕುದುರೆಯನ್ನು ರೊಂಗಾಯಿಯ ಮುದುಕನೇ ಬಂದು ವಾಪಸ್ ಕರೆದುಕೊಂಡು ಹೋದನಂತೆ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಎದೆ ಬಿರಿಯುವ ಹಾಗೆ ಅತ್ತೆ. ಹದಿನಾಲ್ಕು ವರ್ಷದ ಮಗಳು ಓಡಿಬಂದಳು, "ಅಮ್ಮಾ, ವಾಟ್ ಹ್ಯಾಪನ್ಡ್?" ಅಂದಳು, ತಿಳಿದ ಮೇಲೆ ನನ್ನ ಪಕ್ಕದಲ್ಲೇ ಕೂತು ಅವಳೂ ಅತ್ತಳು. ಅಕ್ಕಪಕ್ಕದವರು ಬಂದು ಯಾರು, ನಿಮ್ಮ ಸ್ವಂತ ಆಂಟಿಯಾ ಅಂದರು. ಹೌದು ಅಂದೆ.

ಆದರೆ ಆಂಟಿಯನ್ನು ನೆನೆದರೆ ನನಗೆ ಕಣ್ಣಿಗೆ ಕಟ್ಟುವುದು ಆ ಬೆಳಗಲ್ಲ, ನಾವು ನೈರೋಬಿ ಬಿಟ್ಟ ದಿನ.

ಬರಬೇಡ ಅಂದಿದ್ದರು. ನಾನು ಮಾತು ಕೇಳುವವಳೇ? ಏರ್‌ಪೋರ್ಟಿಗೆ ಹೊರಟ ಟ್ಯಾಕ್ಸಿಯನ್ನು ಲಂಗಾಟಾ ಕಡೆಗೆ ತಿರುಗಿಸಿದೆ. ಗಂಡ ಗಡಿಯಾರ ನೋಡುತ್ತಾ ಕಾರಿನಲ್ಲೇ ಕೂತರು. ನಾನೂ ಮಗಳೂ ಇಳಿದು ಬೇಲಿಯ ಹತ್ತಿರ ಹೋದೆವು. ಆಂಟಿ ಬಯಲಿನ ಆ ತುದಿಯಲ್ಲಿ ಕುದುರೆಯ ಮೇಲಿದ್ದರು. ನಮ್ಮನ್ನು ನೋಡಿದರು, ನೋಡಿದ್ದು ನನಗೆ ಗೊತ್ತಾಯಿತು. ಮುಖ ತಿರುಗಿಸಿ ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು. ಗಾಳಿ ಜೋರಾಗಿತ್ತು, ಬೇಲಿಗೆ ಸಿಕ್ಕಿಕೊಂಡ ಒಂದು ಪ್ಲಾಸ್ಟಿಕ್ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಕೈಯೆತ್ತಿ ಬೀಸಿದೆ. ಅವರು ಬೀಸಲಿಲ್ಲ. ಹೇಗೆ ಬೀಸಿಯಾರು? ಒಂದು ಕೈ ಜೇಬಿನಲ್ಲಿ, ಒಂದು ಕೈ ಲಗಾಮಿನಲ್ಲಿ. ಟ್ಯಾಕ್ಸಿಯಿಂದ ಹಾರ್ನ್ ಕೇಳಿಸಿತು. ನಡಿ ಪುಟ್ಟಾ, ಸಾಕು ಅಂತ ಮಗಳ ಹೆಗಲು ಹಿಡಿದು ತಿರುಗಿದೆ.

"ಅಮ್ಮಾ, ನೋಡು," ಅಂದಳು ಮಗಳು. ಕನ್ನಡದಲ್ಲಿ.

ಆಂಟಿ ಬಯಲಿನ ನಡುವಿಗೆ ಬಂದಿದ್ದರು. ಹಿಂದಕ್ಕೆ ಕೂತು "ಹೋ" ಅಂದರು, ಅದು ನಮ್ಮವರೆಗೂ ಕೇಳಿಸಿತು. ಆಮೇಲೆ ಲಗಾಮನ್ನು ಮೆಲ್ಲಗೆ ಕುದುರೆಯ ಕುತ್ತಿಗೆಯ ಮೇಲೆ ಇಟ್ಟುಬಿಟ್ಟರು. ಆ ಕುದುರೆಯ ಮೇಲೆ ಏನನ್ನೂ ಹಿಡಿದುಕೊಳ್ಳದೆ ಒಂದು ಕ್ಷಣ ಹಾಗೇ ಕೂತಿದ್ದರು. ಸಿಮ್‌ಸಿಮ್ ಕಿವಿ ಕೂಡ ಆಡಿಸಲಿಲ್ಲ. ಆಂಟಿ ಬಲಗೈ ಎತ್ತಿದರು, ತಲೆಯ ಮೇಲಕ್ಕೆ, ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟಕ್ಕೂ ಎತ್ತಿ ಬೀಸಿದರು. ನಾನೂ ಮಗಳೂ ಬೀಸಿದೆವು. ಅವರು ನಿಲ್ಲಿಸಲಿಲ್ಲ, ನಾವೂ ನಿಲ್ಲಿಸಲಿಲ್ಲ. ಗಂಡ ಗಡಿಯಾರ ನೋಡುವುದನ್ನು ಬಿಟ್ಟು ಇಳಿದು ಬಂದು ನಮ್ಮ ಪಕ್ಕದಲ್ಲಿ ನಿಂತು ಅವರೂ ಕೈಯೆತ್ತಿದರು.